ಬಸವನಹುಳು ಹೇಳಿದ ಚಾಡಿ

ಚಿಕ್ಕಮ್ಮನ ಪಾದಾರವಿಂದಗಳಿಗೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಮಸ್ಕಾರ.

ಮೆಲ್ಬರ್ನಿನ ಈ ಉಪ್ಪುನೀರಿನ ಜೌಗಿನಲ್ಲಿ ಪ್ರಯೋಗಕ್ಕೆಂದು ಒಂದೇ ಜಾತಿಯ ಗಿಡವನ್ನು ಸಿಡ್ನಿಯಿಂದಲೂ ಇಲ್ಲಿಂದಲೂ ತಂದು ನೆಟ್ಟಿದ್ದೇವೆ. ನೋಡಲು ಅವಳಿ ಮಕ್ಕಳು. ಆದರೂ ಬಸವನಹುಳುಗಳು ಸಿಡ್ನಿಯದನ್ನೇ ಮುಕ್ಕುತ್ತವೆ, ಇಲ್ಲಿಯದನ್ನು ಮೂಸುವುದೂ ಇಲ್ಲ. ಯಾರಿಗೆ ಗೊತ್ತಾದೀತೆಂದು ನಾನು ಲೋಕಕಲ್ಯಾಣಾರ್ಥವಾಗಿ ಗಿಡಗಳ ಊರು ಬರೆದ ಚೀಟಿಗಳನ್ನು ಅದಲುಬದಲು ಮಾಡಿದೆ. ಇವತ್ತು, ನನಗೆ ಕೆಲಸ ಕೊಟ್ಟ ಹಾಸನದ ಚಿನ್ಮಯಿ ಮೇಡಂ ಕಡಿದ ಎಲೆ ನೋಡಿದವರೇ, “ಹುಳ ರುಚಿ ಬದಲಾಯಿಸಲ್ಲ ಕಣೋ. ಚೀಟಿ ಮುಟ್ಟಿದ್ದು ನೀನೇ ತಾನೆ?” ಎಂದು ಕಾರಿನತ್ತ ಹೋದರು.

ಕೆಲಸ ಹೋಯಿತೆಂದು ಕೂರಲಾಗದೆ, ನಿಲ್ಲಲಾಗದೆ ಇದನ್ನು ಗೀಚುತ್ತಿದ್ದೇನೆ. ಬೆಳಗಿನಿಂದ ಸೊಳ್ಳೆಗಳೂ ಅವರನ್ನು ಬಿಟ್ಟು ನನ್ನನ್ನೇ ಹೀರುತ್ತಿವೆ. ಇಬ್ಬರೂ ಮನುಷ್ಯರೇ ಅಲ್ಲವೇ!

ಅಗೋ, ಬಂದರು. ಕೈಯಲ್ಲಿ ಸೊಳ್ಳೆ ಮುಲಾಮು, ಹೊಸ ಚೀಟಿಗಳ ಕಟ್ಟು. ಕೆಲಸ ಉಳಿದಿದೆ, ಚಿಕ್ಕಮ್ಮ!

ಇಂದ್ರೇಶ