ಬಿಸಿಲಿಗೆ ಹಾಕಿ ಕೊಂದ ಜೀವಾಣುಗಳ ಬಗ್ಗೆ ಬೀಜ ಕಚೇರಿಯ ಮುಖ್ಯಸ್ಥರಿಗೆ

ಮಾನ್ಯ ಮುಖ್ಯಸ್ಥರೇ,

ನನ್ನ ಅಕ್ಕನ ಸೋಯಾ ಹೊಲದ ಬದುವಿನ ಮೇಲೆ ತಮ್ಮ ಕಚೇರಿ ಒಂದು ಬೋರ್ಡು ನೆಟ್ಟಿದೆ. ಬಿತ್ತನೆಯ ಸಮಯದಲ್ಲಿ ಅದರ ಮೇಲೆ 'ಮಾದರಿ ತಾಕು' ಎಂದಿತ್ತು. ಈಗ ಅದನ್ನು ಅಳಿಸಿ, 'ಬೆಳೆಗಾರರ ನಿರ್ಲಕ್ಷ್ಯ ಮತ್ತು ವಂಚನೆಯಿಂದ ವಿಫಲ' ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದೀರಿ. ಅಕ್ಷರಗಳು ಮುದ್ದಾಗಿವೆ, ಸುಳ್ಳೇಕೆ ಹೇಳಲಿ. ಆ ಬೋರ್ಡನ್ನು ತಾವೇ ಖುದ್ದಾಗಿ ಬಂದು ಕೀಳಬೇಕು ಎಂದು ಕೇಳುವುದಕ್ಕೆ ಈ ಪತ್ರ. ಕಚೇರಿಗೇ ಬಂದು ಹೇಳೋಣವೆಂದರೆ ತಾವು ಸದಾ ಮೀಟಿಂಗಿನಲ್ಲಿರುತ್ತೀರಿ. ಹಾಗಾಗಿ ನಾಲ್ಕು ಜನರ ಕಿವಿಗೆ ಬೀಳುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಫ್ರಿಜ್ ರಿಪೇರಿ ಮಾಡುವವನು. ಬೇಸಾಯದ ವಿಷಯದಲ್ಲಿ ನನ್ನ ಜ್ಞಾನ ದೊಡ್ಡ ಸೊನ್ನೆ. ಅಷ್ಟರಮಟ್ಟಿಗೆ ತಾವೂ ನಾನೂ ಒಂದೇ ದೋಣಿಯ ಪ್ರಯಾಣಿಕರು. ವ್ಯತ್ಯಾಸ ಇಷ್ಟೇ, ನಾನು ಗೊತ್ತಿಲ್ಲದ್ದನ್ನು ಅಕ್ಕನ ಹತ್ತಿರ ಕೇಳಿದೆ. ಅವಳು ಹೇಳಿದ್ದು ಇದು. ಸೋಯಾ ಗಿಡಕ್ಕೆ ಗಾಳಿಯಲ್ಲಿರುವ ಸಾರಜನಕ ಬೇಕು, ಆದರೆ ಅದನ್ನು ಹಿಡಿದು ತಿನ್ನುವ ಶಕ್ತಿ ಗಿಡಕ್ಕಿಲ್ಲ. ಒಂದು ಜಾತಿಯ ಬ್ಯಾಕ್ಟೀರಿಯಾ ಬೇರಿನೊಳಗೆ ಸೇರಿ, ಸಣ್ಣ ಸಣ್ಣ ಗಂಟು ಕಟ್ಟಿಕೊಂಡು, ಗಾಳಿಯಿಂದ ಅದನ್ನು ಹಿಡಿದು ಗಿಡಕ್ಕೆ ಉಣಿಸುತ್ತದೆ. ಸೋಯಾವನ್ನೇ ಕಾಣದ ನಮ್ಮ ಮಣ್ಣಿನಲ್ಲಿ ಆ ಜೀವಾಣು ಇಲ್ಲ. ಅದಕ್ಕೇ ಅದನ್ನು ಕಪ್ಪು ಪುಡಿಯಲ್ಲಿ ಬೆರೆಸಿ ಪ್ಯಾಕೆಟ್ಟಿನಲ್ಲಿ ಕೊಡುತ್ತಾರೆ. ಸಕ್ಕರೆ ನೀರಿನಲ್ಲಿ ಕಲೆಸಿ, ಬೀಜಕ್ಕೆ ಮೆತ್ತಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಬೇಕು. ಒಟ್ಟಿನಲ್ಲಿ ಪುಡಿಯೊಳಗಿನ ಜೀವ ಜೀವಂತವಾಗಿರಬೇಕು. ಇಷ್ಟು ನನ್ನಂಥ ಸ್ಕ್ರೂಡ್ರೈವರ್ ಜಾತಿಯವನ ತಲೆಗೂ ಹೋಯಿತು.

ಈಗ ತಮ್ಮ ಕಚೇರಿಯ ಕಥೆಗೆ ಬರೋಣ. ಬಿತ್ತನೆಗೆ ಮುಂಚೆ ಅಲ್ಲಿಂದ ನನಗೆ ಫೋನು ಬಂತು: ಫ್ರಿಜ್ಜು ತಣ್ಣಗಾಗುತ್ತಿಲ್ಲ, ಬೇಗ ಬನ್ನಿ. ಹೋದೆ. ಉಗ್ರಾಣದ ಮೂಲೆಯಲ್ಲಿ ಆಳೆತ್ತರದ ಹೊಸ ಫ್ರಿಜ್ಜು, ಬಾಗಿಲ ಮೇಲೆ 'ಜೀವಾಣು ಸಂಗ್ರಹಕ್ಕೆ ಮಾತ್ರ' ಎಂಬ ಚೀಟಿ. ತೆಗೆದು ನೋಡಿದರೆ ಮೇಲಿನ ತಟ್ಟೆಯಲ್ಲಿ ತಂಪು ಪಾನೀಯದ ಬಾಟಲಿಗಳು, ಕೆಳಗೆ ಊಟದ ಡಬ್ಬಿಗಳು, ಬಾಗಿಲಿನಲ್ಲಿ ಯಾರದೋ ಕಣ್ಣಿನ ಔಷಧಿ, ಅರ್ಧ ಕೇಕು. ಜೀವಾಣು ಒಂದೂ ಇಲ್ಲ. ಬಾಗಿಲ ರಬ್ಬರು ಸಡಿಲವಾಗಿತ್ತು, ಬದಲಾಯಿಸುತ್ತಾ ಉಗ್ರಾಣದ ಗುಮಾಸ್ತರನ್ನು ಸುಮ್ಮನೆ ಕೇಳಿದೆ, "ಸಾರ್, ಚೀಟಿಯಲ್ಲಿರೋ ಸಾಮಾನೆಲ್ಲಿ?"

"ಮಾಳಿಗೆ ಮೇಲೆ," ಅಂದರು.

"ಮಾಳಿಗೆ ಮೇಲಾ? ಬಿಸಿಲು ಸುಡ್ತಾ ಇದೆಯಲ್ಲ ಸಾರ್."

"ಸುಡ್ಲಿ ಅಂತಾನೇ ಹಾಕಿರೋದು! ಬ್ಯಾಕ್ಟೀರಿಯಾ ಕಣ್ರೀ ಅದು. ಊಟದ ಜೊತೆ ಇಡೋಕಾಗುತ್ತಾ? ಹೆಂಗಸರು ಬರಿಗೈಯಲ್ಲಿ ಮುಟ್ಟೋ ಸಾಮಾನು, ಒಬ್ಬರಿಗೆ ಏನಾದ್ರೂ ಆದ್ರೆ ನಮ್ಮ ಕುತ್ತಿಗೆಗೆ ಬರುತ್ತೆ. ಸಾಹೇಬರೇ ಹೇಳಿದ್ರು, ಚೆನ್ನಾಗಿ ಬಿಸಿಲಿಗೆ ಹಾಕಿ, ಕ್ರಿಮಿ ಎಲ್ಲ ಸತ್ತ ಮೇಲೆ ಹಂಚಿ ಅಂತ."

"ಸಾಯಿಸೋದಕ್ಕೇ ಆದ್ರೆ ಫ್ರಿಜ್ ಯಾಕೆ ತಗೊಂಡ್ರಿ ಸಾರ್?"

"ಅದು ಸ್ಕೀಮಲ್ಲಿತ್ತು," ಅಂದರು ಗುಮಾಸ್ತರು, ಒಂದು ಬಾಟಲಿ ತೆಗೆದು ಮುಟ್ಟಿ ನೋಡುತ್ತಾ.

ಆಹಾ! ಎಂಥ ಮುಂದಾಲೋಚನೆ! ಪ್ರಯೋಗಶಾಲೆಯಲ್ಲಿ ಯಾರೋ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಕಿದ ಕೋಟಿ ಕೋಟಿ ಜೀವ. ಅವನ್ನು ತಂಪಾದ ಲಾರಿಯಲ್ಲಿ ಇಷ್ಟು ದೂರ ತಂದು, ತಮ್ಮ ಮಾಳಿಗೆಯ ಕಾಂಕ್ರೀಟಿನ ಮೇಲೆ ಹುರಿದು, ಸಾವು ಖಚಿತವಾದ ಮೇಲೆ ಸಾರ್ವಜನಿಕರ ಕೈಗೆ ಕೊಟ್ಟಿರಿ. ಪ್ಯಾಕೆಟ್ಟಿನ ಮೇಲೆ 'ಬಿಸಿಲಿಗೆ ಒಡ್ಡಬೇಡಿ' ಎಂದು ದಪ್ಪ ಅಕ್ಷರದಲ್ಲೇ ಅಚ್ಚಾಗಿದೆ. ಆದರೆ ಅದನ್ನು ಬರೆದಿರುವುದು ಬೆಳೆಗಾರರಿಗೆ, ಅಧಿಕಾರಿಗಳಿಗಲ್ಲವಲ್ಲ! ಈ ಸಂಗತಿ ಕೇಳಿದಾಗ ಅಕ್ಕ ಒಂದೇ ಮಾತು ಅಂದಳು: "ಹಾಲಿಗೆ ಹಾಕೋಕೆ ಮುಂಚೆ ಹೆಪ್ಪು ಕುದಿಸ್ತಾರಾ ಅವರ ಮನೇಲಿ?" ಈ ಪ್ರಶ್ನೆಯನ್ನು ಇದ್ದ ಹಾಗೇ ತಮಗೆ ದಾಟಿಸುತ್ತಿದ್ದೇನೆ. ಮನೆಯಲ್ಲಿ ಒಮ್ಮೆ ಕೇಳಿ ನೋಡಿ.

ಆದರೆ ಅವಳಿಗೆ ಇದು ಗೊತ್ತಾಗಿದ್ದು ಬೆಳೆ ಕೆಟ್ಟ ಮೇಲೆ. ನನಗಂತೂ ಆ ದಿನ ಪುಡಿ ಅಂದರೆ ಪುಡಿ, ಅಷ್ಟೇ. ಕೆಲಸ ಮುಗಿಸುವಾಗ ತರಕಾರಿ ಡಬ್ಬಿಯ ಹಿಂದೆ ಸಿಕ್ಕಿಕೊಂಡಿದ್ದ ಒಂದೇ ಒಂದು ಪ್ಯಾಕೆಟ್ಟು ಕೈಗೆ ಬಂತು. ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ಇನ್ನೊಂದು ಉಳ್ಕೊಂಡಿದೆಯಾ! ಮತ್ತೆ ಮಾಳಿಗೆ ಹತ್ತೋರು ಯಾರು, ನೀವೇ ಹೋಗ್ತಾ ಎಲ್ಲಾದ್ರೂ ಎಸೆದುಬಿಡಿ," ಅಂದರು. ಎಸೆಯಲಿಲ್ಲ. 'ತಂಪಾದ ಜಾಗದಲ್ಲಿಡಿ' ಅನ್ನುವ ಮಾತು ಕಂಡರೆ ನನ್ನ ಕಸುಬಿನವನ ಕೈ ತಾನಾಗಿಯೇ ಫ್ರಿಜ್ಜಿನ ಕಡೆ ಹೋಗುತ್ತದೆ. ಅಂಗಡಿಯಲ್ಲಿ ಇಟ್ಟಿದ್ದು, ಬಿತ್ತನೆಯ ಬೆಳಿಗ್ಗೆ ಅಕ್ಕನಿಗೆ ಕೊಟ್ಟೆ. ತಾವು ಹಂಚಿದ ಪುಡಿ ಅಷ್ಟು ಹೊತ್ತಿಗೆ ಮುಗಿದಿತ್ತು. ಪಂಪ್ ಶೆಡ್ಡಿನ ಪಕ್ಕದ ಒಂದು ಪಟ್ಟಿ ನೆಲದ ಬೀಜಕ್ಕೆ ಮೆತ್ತಲು ಇದು ಸರಿಹೋಯಿತು.

ಮುಂದೆ ಏನಾಯಿತೆಂದು ಆ ದಾರಿಯಲ್ಲಿ ಸೈಕಲ್ ಹೊಡೆಯುವವರೂ ಹೇಳುತ್ತಾರೆ. ಇಡೀ ಹೊಲ ಹಳದಿಗೆ ತಿರುಗಿ, ಮೊಣಕಾಲೆತ್ತರಕ್ಕೂ ಬಾರದೆ ನಿಂತಿತು. ಪಂಪ್ ಶೆಡ್ಡಿನ ಪಟ್ಟಿ ಮಾತ್ರ ಕಪ್ಪಗಾಗುವಷ್ಟು ಹಸಿರು. ತಮ್ಮ ತನಿಖಾ ತಂಡ ಬಂತು. ಅವರಲ್ಲೊಬ್ಬರು ಬಿಳಿ ಕೈಗವಸು ಹಾಕಿದ್ದರು; ಕೊನೆಯವರೆಗೂ ಅದಕ್ಕೆ ಮಣ್ಣು ತಾಗಲಿಲ್ಲ. ಅಕ್ಕ ಎರಡೂ ಕಡೆಯ ಗಿಡ ಕಿತ್ತು ತೋರಿಸಿದಳು. ಹಳದಿ ಗಿಡದ ಬೇರು ಬೋಳು. ಹಸಿರು ಗಿಡದ ಬೇರಿನ ತುಂಬ ಗಂಟು. ಉಗುರಿನಿಂದ ಒಂದು ಗಂಟು ಸೀಳಿದಳು, ಒಳಗೆ ನಸುಗೆಂಪು. "ನೋಡಿ ಸಾರ್, ಒಳಗೆ ಕೆಂಪಿದ್ರೆ ಜೀವಾಣು ಬದುಕಿದೆ ಅಂತ. ಇಲ್ಲಿ ಕೆಲಸ ನಡೀತಿದೆ. ಅಲ್ಲಿ ನಿಮ್ಮ ಪುಡಿ ಕೆಲಸಾನೇ ಮಾಡಿಲ್ಲ," ಅಂದಳು. ಕೈಗವಸಿನವರು ದೂರದಿಂದಲೇ ತಲೆಯಾಡಿಸಿ, "ಇಲ್ಲಿ ಕದ್ದು ಯೂರಿಯಾ ಹಾಕಿದ್ದೀಯಮ್ಮ. ಉಳಿದ ಕಡೆ ಸರಿಯಾಗಿ ಕಲೆಸಿಲ್ಲ," ಅಂದರು. ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮರುದಿನವೇ ಬಣ್ಣದ ಡಬ್ಬಿ ಬಂತು, ಬೋರ್ಡು ಬದಲಾಯಿತು, ಬೀಜ ಬೆಳೆಗಾರರ ಸಂಘದಿಂದ ಅವಳನ್ನು ಕೈಬಿಡಲಾಗಿದೆ ಎಂಬ ಆದೇಶವೂ ಬಂತು.

ಒಂದು ಸಣ್ಣ ಅನುಮಾನ ಸ್ವಾಮಿ. ಯೂರಿಯಾ ಹಾಕಿದರೆ ಎಲೆ ಹಸಿರಾದೀತು. ಬೇರಿನಲ್ಲಿ ಗಂಟು ಕಟ್ಟೀತೇ? ಗಂಟಿನೊಳಗೆ ಕೆಂಪು ತುಂಬೀತೇ? ವಂಚನೆ ಮಾಡುವವಳು ತನ್ನ ಹೊಲವೆಲ್ಲ ಒಣಗಲು ಬಿಟ್ಟು, ಎಲ್ಲರಿಗೂ ಕಾಣುವ ಜಾಗದ ಒಂದು ಪಟ್ಟಿಗೆ ಮಾತ್ರ ಕದ್ದು ಗೊಬ್ಬರ ಹಾಕುತ್ತಾಳೆಯೇ? ಕಳ್ಳತನಕ್ಕೂ ಒಂದಿಷ್ಟು ಬುದ್ಧಿ ಬೇಡವೇ?

ತಮಗೆ ಅದು ಒಂದು ಬೋರ್ಡು. ಅಕ್ಕನಿಗೆ ಹಾಗಲ್ಲ. ಆ ಸುತ್ತಮುತ್ತ ಯಾರದೇ ಬಿತ್ತನೆಯಾಗಲಿ, ಬೀಜ ಕಲೆಸಲು ಅವಳನ್ನೇ ಕರೆಯುತ್ತಿದ್ದರು. ಕಾಳಿನ ಸಿಪ್ಪೆ ಸುಲಿಯದಂತೆ ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಹಗುರವಾಗಿ ಕಲೆಸುವ ಕೈ ಅದು. ಸೋಯಾ ಬಿತ್ತಿರಿ, ಅದು ಮಣ್ಣಿಗೂ ಒಳ್ಳೆಯದು ಎಂದು ಮನೆ ಮನೆಗೆ ಹೋಗಿ ಹೇಳಿದವಳೂ ಅವಳೇ. ಅವಳ ಮಾತು ನಂಬಿ ಬಿತ್ತಿದವರ ಹೊಲಗಳೂ ಹಳದಿಯಾಗಿವೆ. ಮೊನ್ನೆ ಪಕ್ಕದ ಹೊಲದ ಬಡಗಿ, ಒಳ್ಳೆಯ ಮನುಷ್ಯ, ನನ್ನ ಅಂಗಡಿಗೆ ಬಂದು ತಲೆ ಕೆರೆದುಕೊಳ್ಳುತ್ತಾ ಕೇಳಿದ: "ಬೇಜಾರು ಮಾಡ್ಕೋಬೇಡಿ. ನಿಮ್ಮಕ್ಕನ ಕೈಲಿ ಬೀಜ ಮುಟ್ಟಿಸಬಾರದಂತೆ, ಹೌದಾ?" ಆ ಮಾತು ಅಕ್ಕನ ಕಿವಿಗೂ ಬಿತ್ತು. ಅಪ್ಪ ಸತ್ತಾಗಲೂ ನಮ್ಮೆಲ್ಲರನ್ನು ಸಮಾಧಾನ ಮಾಡಿ ನಿಂತವಳು, ಪಂಪ್ ಶೆಡ್ಡಿನ ಹಿಂದೆ ಕೂತು ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡು ಅತ್ತಳು. ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಇಲ್ಲಿಯವರೆಗೆ ಬರೆದ ವ್ಯಂಗ್ಯವೆಲ್ಲ ಆ ಬೆಂಕಿಯದೇ ಹೊಗೆ. ಮನ್ನಿಸುವುದಾದರೆ ಮನ್ನಿಸಿ.

ಬೋರ್ಡನ್ನು ನಾನೇ ಕಿತ್ತೆಸೆಯುತ್ತೇನೆ ಎಂದು ಹೊರಟಿದ್ದೆ. ಅಕ್ಕ ತಡೆದಳು. "ನಾವು ಕಿತ್ರೆ ಅದೂ ವಂಚನೆ ಅಂತಾರೆ ಕಣೋ. ನೆಟ್ಟೋರೇ ಕೀಳಲಿ." ಆದ್ದರಿಂದ ನಮ್ಮ ಬೇಡಿಕೆ ಇದು. ಈ ವಾರದೊಳಗೆ ತಾವು ಹೊಲಕ್ಕೆ ಬನ್ನಿ. ಕಾಯಿ ಬಲಿತರೆ ಗಂಟುಗಳ ಕೆಂಪು ಹೋಗಿ ಕಂದಾಗುತ್ತದೆ, ಆಮೇಲೆ ತಮ್ಮ ಕೈಗವಸಿನವರು ಹೇಳಿದ್ದೇ ವೇದವಾಕ್ಯ. ಹಳದಿ ಕಡೆಯಿಂದ ಒಂದು, ಹಸಿರು ಕಡೆಯಿಂದ ಒಂದು ಗಿಡ ತಾವೇ ಕೀಳಿ. ಗಂಟನ್ನು ತಮ್ಮ ಉಗುರಿನಿಂದಲೇ ಸೀಳಿ. ಹೆದರಬೇಡಿ, ಕಚ್ಚುವುದಿಲ್ಲ. ಆಮೇಲೆ ಅದೇ ಕೈಯಲ್ಲಿ ಬೋರ್ಡು ಕಿತ್ತು, ಪುಡಿ ಸತ್ತಿದ್ದು ಎಲ್ಲಿ, ಯಾರ ಮಾತಿನಿಂದ ಎಂದು ಬರೆಸಿ, ತಮ್ಮ ಕಚೇರಿಯ ಮಾಳಿಗೆಯ ಮೇಲೆ ನೆಡಿ. ಸಂಘಕ್ಕೂ ಸುತ್ತಮುತ್ತಲಿನವರಿಗೂ ಅಕ್ಕನ ಕೈಯಲ್ಲಿ ತಪ್ಪಿಲ್ಲ ಎಂದು ತಮ್ಮ ಬಾಯಿಂದಲೇ ಹೇಳಿ.

ತಾವು ಬರದಿದ್ದರೂ ಒಂದು ಕೆಲಸ ನಿಲ್ಲುವುದಿಲ್ಲ. ಆ ಹಸಿರು ಪಟ್ಟಿಯ ಮಣ್ಣಿನಲ್ಲಿ ಈಗ ಜೀವಾಣು ನೆಲೆಯಾಗಿದೆಯಂತೆ. ಕೊಯ್ಲಾದ ಮೇಲೆ ಆ ಮಣ್ಣನ್ನು ಬುಟ್ಟಿ ಬುಟ್ಟಿ ತುಂಬಿ, ತನ್ನ ಮಾತು ನಂಬಿ ಕೆಟ್ಟವರ ಹೊಲಕ್ಕೆಲ್ಲ ತಾನೇ ಹೊತ್ತು ಹಾಕುತ್ತಾಳಂತೆ ಅಕ್ಕ. ಯಾರಾದರೂ ಬೇಡ ಅಂದರೆ ಎಂದು ಕೇಳಿದೆ. "ಬದುವಿನ ಮೇಲೆ ಇಟ್ಟು ಬರ್ತೀನಿ. ನೆರಳು ನೋಡಿ," ಅಂದಳು.

ಇಂತಿ,
ತಮ್ಮ ತಂಪು ಪಾನೀಯಗಳನ್ನು ಮತ್ತೆ ತಣ್ಣಗೆ ಮಾಡಿಕೊಟ್ಟು, ಅಕ್ಕನ ಹೊಲಕ್ಕೆ ಒಂದೇ ಪ್ಯಾಕೆಟ್ಟು ಉಳಿಸಿಕೊಡಲು ಸಾಧ್ಯವಾದ
ಫ್ರಿಜ್ ರಿಪೇರಿಯವನು