ಕೊನೆಯ ಪೇಪರಿನ ದಿನ

ಅತ್ತೆ,

ನಾನು ಕೆ.ಆರ್. ಪುರದ ಆ ಒಂದೇ ಕೋಣೆಯ ಬಾಡಿಗೆ ಮನೆಗೆ ಸೊಸೆಯಾಗಿ ಬಂದ ವಾರವೇ ನನ್ನ ಟ್ರಂಕಿನಲ್ಲಿದ್ದ ಪುಸ್ತಕಗಳು ನಿಮ್ಮ ಕಣ್ಣಿಗೆ ಬಿದ್ದವು. ಮದುವೆಗೆಂದು ಬಿ.ಎ. ನಡುವೆಯೇ ಬಿಡಿಸಿದರು ಎಂದೆ. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದಿದ್ದ, ಸಹಿ ಹಾಕಲೂ ಬಾರದ ನೀವು ಮರುದಿನವೇ ಮಗನನ್ನು ಎದುರಿಗೆ ಕೂರಿಸಿಕೊಂಡು, ಅಂಚೆ ಮೂಲಕವಾದರೂ ಅವಳು ಓದು ಮುಗಿಸಲಿ ಎಂದಿರಿ. ಅವರು ಬೇಡವೆಂದರು. ಒಪ್ಪುವವರೆಗೂ ನೀವು ಅವರೊಡನೆ ಮಾತು ಬಿಟ್ಟಿರಿ. ಸೊಸೆಯ ಓದಿಗಾಗಿ ಮಗನ ಮೇಲೆ ಮುನಿಸಿಕೊಂಡ ಅತ್ತೆಯನ್ನು ಯಾರು ಕಂಡಿದ್ದಾರೆ?

ಕೊನೆಯ ವರ್ಷದ ಪರೀಕ್ಷೆ ಶಿವಾಜಿನಗರದ ಒಂದು ಕಾಲೇಜಿನಲ್ಲಿತ್ತು. ನಿಮ್ಮ ಮೊಮ್ಮಗಳು ಪುಟ್ಟಿಗೆ ಆಗ ಐದು ತಿಂಗಳು. ದಿನವೂ ನನ್ನ ಜೊತೆ ಬಸ್ಸಿನಲ್ಲಿ ಬಂದು, ನಾನು ಬರೆಯುವಷ್ಟು ಹೊತ್ತೂ ಅವಳನ್ನು ಮಡಿಲಲ್ಲಿಟ್ಟುಕೊಂಡು ವರಾಂಡದಲ್ಲಿ ಕೂರುತ್ತಿದ್ದಿರಿ. ಕಾವಲುಗಾರ ಎಬ್ಬಿಸಲು ಬಂದಾಗ, "ಒಳಗ ನನ್ನ ಮಗಳು ಪರೀಕ್ಷಾ ಬರೀಲಿಕತ್ಯಾಳ" ಎಂದಿರಂತೆ. ಸೊಸೆ ಎನ್ನಲಿಲ್ಲ.

ಕೊನೆಯ ಪೇಪರಿನ ಬೆಳಿಗ್ಗೆ ಬಸ್ಸಿಳಿದವರೇ ಎದೆ ಒತ್ತಿಕೊಂಡು ನಿಂತಿರಿ. ಮುಖವೆಲ್ಲ ಬೆವರು. ಆಸ್ಪತ್ರೆ ಹತ್ತಿರವೇ ಇದೆ, ಹೋಗೋಣ ಎಂದೆ.

"ವಾಯು ಆಗ್ಯದ, ಏನಿಲ್ಲ. ನೀ ಹೋಗಿ ಬರಿ."

ಹೋದೆ. ನಿಮ್ಮ ಮಾತು ನಂಬಿ ಹೋದೆನೇ? ಇಲ್ಲ, ಅತ್ತೆ. ಇದೊಂದು ಮುಗಿದರೆ ಸಾಕು ಎಂದು... ಒಳಗೆ ಕೂತರೆ ಒಂದು ಪುಟಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ. ಅರ್ಧಕ್ಕೇ ಎದ್ದು ಬಂದೆ. ಪುಟ್ಟಿ ಯಾರೋ ಹೆಂಗಸಿನ ಕೈಯಲ್ಲಿ ಅಳುತ್ತಿದ್ದಳು. ನಿಮ್ಮನ್ನು ಆಗಲೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಸುದ್ದಿ ತಿಳಿದು ನಿಮ್ಮ ಮಗ ಓಡಿ ಬಂದರು. ಸಂಜೆಯ ಹೊತ್ತಿಗೆ ನೀವಿರಲಿಲ್ಲ.

ಫಲಿತಾಂಶ ಬಂದ ದಿನವೇ ನಿಮಗೆ ಬರೆಯಬೇಕಿತ್ತು. ಆ ಪೇಪರಿನಲ್ಲಿ ನಾನು ಫೇಲಾದೆ. ನೀವು ಯಾವುದಕ್ಕಾಗಿ ನೋವು ನುಂಗಿದಿರೋ ಅದೇ... ಆಮೇಲೆ ಮೂರು ವರ್ಷ ಪುಸ್ತಕ ಮುಟ್ಟಲಿಲ್ಲ. ನಿಮ್ಮ ಮಗನೂ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದರು. ಅವ್ವನನ್ನು ಕಳೆದವಳು ಇವಳೇ ಎಂದು ಅವರ ಮನಸ್ಸಿನಲ್ಲಿದೆ ಎಂದುಕೊಂಡೆ. ಅಲ್ಲವೆನ್ನಲು ನನ್ನ ಬಳಿ ಏನಿತ್ತು?

ಕಳೆದ ವರ್ಷ ಒಂದು ದಿನ ಅವರೇ ಪರೀಕ್ಷೆಯ ಅರ್ಜಿ ತಂದು ನನ್ನ ಮುಂದಿಟ್ಟರು. ಆಸ್ಪತ್ರೆಯಲ್ಲಿ ನೀವು ಕೊನೆಗೆ ಆಡಿದ ಮಾತನ್ನು ಆಗ ಹೇಳಿದರು. ಅವಳು ಆಸ್ಪತ್ರೆಗೆ ಕರೆದಿದ್ದಳು, ವಾಯು ಎಂದು ಸುಳ್ಳು ಹೇಳಿದವಳು ನಾನೇ, ಅವಳನ್ನು ಬಯ್ಯಬೇಡ ಎಂದಿರಂತೆ. "ನಂಗ ಸಿಟ್ಟಿತ್ತು. ಅದಕ್ಕ ಇಷ್ಟು ದಿನ ನಿಂಗ ಹೇಳ್ಲಿಲ್ಲ" ಎಂದು ತಲೆ ತಗ್ಗಿಸಿದರು. ಉಸಿರಿಗೆ ಒದ್ದಾಡುವಾಗಲೂ ನನ್ನದೇ ಚಿಂತೆಯಿತ್ತೇ ನಿಮಗೆ?

ನಿನ್ನೆ ಅಂಕಪಟ್ಟಿ ಬಂತು. ಪಾಸಾಗಿದ್ದೇನೆ, ಅತ್ತೆ. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲ ಹೆಣ್ಣು ಎಂದು ನಿಮ್ಮ ಮಗ ವಠಾರಕ್ಕೆಲ್ಲ ಹೇಳಿಕೊಂಡು ಬಂದರು. ನಾನು ಬಚ್ಚಲಿಗೆ ಹೋಗಿ, ಸದ್ದು ಕೇಳದಿರಲೆಂದು ನಲ್ಲಿ ಬಿಟ್ಟು ಅತ್ತುಬಿಟ್ಟೆ. ಬಿ.ಎಡ್.ಗೂ ಅರ್ಜಿ ಹಾಕುತ್ತೇನೆ, ಬಿಡುವುದಿಲ್ಲ. ನೀವು ನನ್ನನ್ನು ಕ್ಷಮಿಸಿಯೇ ಹೋದಿರಿ. ನನ್ನನ್ನು ಕ್ಷಮಿಸಿಕೊಳ್ಳಲು ನನ್ನಿಂದ ಮಾತ್ರ ಇನ್ನೂ ಆಗಿಲ್ಲ.