ಒತ್ತಿ ತಿರುಗಿಸುವ ಮುಚ್ಚಳ

ಡಾಕ್ಟರಮ್ಮನವರಿಗೆ,

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಕೈ ಬೇರೆ ನಡುಗುತ್ತದೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ.

ನಡುಕ ಮತ್ತೆ ಹೆಚ್ಚಿದೆ, ಹೊಸ ಮದ್ದು ಹಿಡಿಯಲಿಲ್ಲ, ಬಾಟಲಿ ವಾಪಸ್ ತನ್ನಿ ಅಂತ ನಿಮ್ಮ ಕಾಗದ ಬಂತು. ನಿಮ್ಮ ಮದ್ದಿನ ಪರೀಕ್ಷೆಯಿಂದ ನನ್ನನ್ನು ಬೇಕಾದರೆ ಬಿಡಿ, ನನಗೂ ಸಾಕಾಗಿದೆ. ಮದ್ದು ಕೆಲಸಕ್ಕೆ ಬರಲಿಲ್ಲ ಅಂತ ಮಾತ್ರ ಬರೆಯಬೇಡಿ. ನುಂಗಿದ ಎರಡು ತಿಂಗಳು ನನ್ನ ಗಡ್ಡ ನಾನೇ ಬೋಳಿಸಿಕೊಂಡಿದ್ದೇನೆ. ಈಗ ಆರು ವಾರದಿಂದ ನುಂಗೇ ಇಲ್ಲ.

ಮದ್ದು ಕಂಡುಹಿಡಿದವರು, ಇಲಿಗೆ ತಿನ್ನಿಸಿ ನೋಡಿದವರು, ಲೆಕ್ಕ ಹಾಕುವವರು, ನೀವು, ಎಲ್ಲ ಒಂದೇ ಮೇಜಿಗೆ ಕೂತು ನನ್ನ ಕೈ ನೋಡಿದಿರಿ. ಒತ್ತಿ ತಿರುಗಿಸುವ ಈ ಹಾಳು ಮುಚ್ಚಳವನ್ನು ನಡುಗುವ ಕೈ ಹೇಗೆ ತೆಗೆಯಬೇಕು ಅಂತ ಒಬ್ಬರಿಗಾದರೂ ಹೊಳೆಯಿತಾ? ಓದಿದವರ ಬುದ್ಧಿಗೆ ಏನು ಹೇಳಲಿ! ಮುಂದಿನ ಸಲ ಮುಚ್ಚಳ ಮಾಡುವವನನ್ನೂ ಆ ಮೇಜಿಗೆ ಕರೆಯಿರಿ.

ಮೊದಲು ನಮ್ಮಾಕೆ ತೆಗೆದುಕೊಡುತ್ತಿದ್ದಳು. ಅವಳು ತೀರಿಕೊಂಡು ಆರು ವಾರವಾಯಿತು. ಪಕ್ಕದ ಮನೆಯವರಿಂದ ತೆಗೆಸಬಹುದಿತ್ತು, ಮನಸ್ಸು ಬರಲಿಲ್ಲ.

ಸೋಮವಾರ ಬಾಟಲಿ ತರುತ್ತೇನೆ. ತೆಗೆಯುವ ಮೊದಲು ನನ್ನನ್ನು ಹೊರಗೆ ಕಳಿಸಿ. ಆ ಮುಚ್ಚಳವನ್ನು ಕೊನೆಯ ಸಲ ಮುಚ್ಚಿದ್ದು ಅವಳು.

ಇಂತಿ,
ನಿಮ್ಮ ಹದಿನೇಳನೇ ನಂಬರಿನ ಮುದುಕ